ಸಂಸದರ ಅವಧಿಗೆ ಮಿತಿ ಹಾಕುವವರು ಯಾರು?

(ಹೈದರಾಬಾದಿನ ಕೊಂಡಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಸುತ್ತಮುತ್ತ ಬೆಳೆದ ಕನ್ನಡದ ಮಾತುಕತೆ ಈಗ ಕೊಂಡಾಪುರದವರೆಗೂ ಬಂದಿದೆ. ಇಲ್ಲಿ ಕೂತಿರುವವರಲ್ಲಿ ಕೆಲವರು ಬೀದರ್, ಕಲಬುರಗಿ, ರಾಯಚೂರು ಕಡೆಯ ಮನೆತನದವರು, ನಿಜಾಮರ ಕಾಲದ ನೆನಪನ್ನು ಮನೆಯಲ್ಲಿ ಕೇಳಿ ಬೆಳೆದವರು. ಇನ್ನು ಕೆಲವರು ಸೈಬರ್ ಟವರ್ಸ್ ಎದ್ದ ಮೇಲೆ ಕೆಲಸಕ್ಕಾಗಿ ಬಂದು ನೆಲೆಸಿದವರು. ಇಬ್ಬರಿಗೂ ತಟ್ಟುವ ಒಂದು ಪ್ರಶ್ನೆಯನ್ನು ಇವತ್ತು ಎತ್ತಿಕೊಂಡಿದ್ದೇನೆ. ಒಬ್ಬ ವ್ಯಕ್ತಿ ಎಷ್ಟು ಸಲ ಸಂಸತ್ತಿಗೆ ಹೋಗಬಹುದು? ‘ಇಷ್ಟು ಸಾಕು’ ಎಂದು ಹೇಳುವ ಅಧಿಕಾರ ಯಾರದು? ಆ ಅಧಿಕಾರದಲ್ಲಿ ರಾಜ್ಯಕ್ಕೆ ಪಾಲಿದೆಯೇ?

ಕರ್ನಾಟಕದ ಜನ ಈ ಪ್ರಶ್ನೆಯನ್ನು ಒಮ್ಮೆ ಬಾಯಿಬಿಟ್ಟು ಕೇಳಿದ್ದಾರೆ. 2016ರ ಮೇ ತಿಂಗಳಲ್ಲಿ ಟ್ವಿಟರ್ ತುಂಬ ‘ವೆಂಕಯ್ಯ ಸಾಕಯ್ಯ’ ಎಂಬ ಘೋಷಣೆ ಹರಿದಾಡಿತು. ನೆಲ್ಲೂರು ಜಿಲ್ಲೆಯವರಾದ, ಉದಯಗಿರಿಯಿಂದ ಎರಡು ಸಲ ಆಂಧ್ರದ ಶಾಸಕರಾಗಿದ್ದ ಎಂ. ವೆಂಕಯ್ಯ ನಾಯ್ಡು ಅವರನ್ನು 1998, 2004 ಮತ್ತು 2010ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಕಳಿಸಲಾಗಿತ್ತು. ಹದಿನೆಂಟು ವರ್ಷ ಅವರು ಕರ್ನಾಟಕದ ಸದಸ್ಯರು. ನಾಲ್ಕನೆಯ ಸಲವೂ ಟಿಕೆಟ್ ಅವರಿಗೇ ಎಂಬ ಸುದ್ದಿ ಹಬ್ಬಿದಾಗ ಕನ್ನಡದ ತರುಣರು ಎದ್ದು ನಿಂತರು. ಮೂರು ಅವಧಿಯಾಯಿತು, ಕರ್ನಾಟಕದ ನೆಲ, ಜಲ, ನುಡಿಯ ಮಾತನ್ನು ಮೇಲ್ಮನೆಯಲ್ಲಿ ಎತ್ತುವವರನ್ನು ಈಗಲಾದರೂ ಕಳಿಸಿ ಎಂಬುದು ಅವರ ಒತ್ತಾಯ. ನಾಯ್ಡು ಅವರ ಪರವಾಗಿ ಮಾತಾಡಿದವರೂ ಇದ್ದರು. ಕೇಂದ್ರದಲ್ಲಿ ಮಂತ್ರಿಯಾಗಿರುವವರು ರಾಜ್ಯಕ್ಕೆ ಆಸರೆಯಾಗುತ್ತಾರೆ ಎಂಬ ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಕೊನೆಗೆ ಅವರ ಪಕ್ಷ ನಾಯ್ಡು ಅವರನ್ನು ರಾಜಸ್ಥಾನದಿಂದ ನಿಲ್ಲಿಸಿತು. ಮರುವರ್ಷ ಅವರು ಉಪರಾಷ್ಟ್ರಪತಿಯಾದರು.

ನನಗೆ ತಿಳಿದಂತೆ, ಜನರೇ ಮುಂದೆ ನಿಂತು ಒಬ್ಬ ರಾಷ್ಟ್ರೀಯ ಶಾಸನಕರ್ತರಿಗೆ ಅವಧಿಯ ಗಡಿ ಗೊತ್ತುಮಾಡಲು ಹೊರಟ ಇಂಥ ಪ್ರಸಂಗ ನಮ್ಮಲ್ಲಿ ಅಪರೂಪ. ಅದಕ್ಕೆ ಕಾನೂನಿನ ಬಲ ಇರಲಿಲ್ಲ, ಯಾವ ಸಂಘಟನೆಯ ಮುದ್ರೆಯೂ ಬೇಕಾಗಲಿಲ್ಲ. ಆದರೂ ನಾಮಪತ್ರಕ್ಕೆ ಮುಂಚೆಯೇ ಆ ದನಿ ದೆಹಲಿಗೆ ಮುಟ್ಟಿತು. ಪಕ್ಷಕ್ಕೆ ಬೇರೆ ಲೆಕ್ಕಾಚಾರಗಳೂ ಇದ್ದಾವು; ಆದರೆ ಆ ದನಿಯನ್ನು ಕೇಳಿಸಿಕೊಳ್ಳದೆ ಯಾರೂ ತೀರ್ಮಾನ ಮಾಡಿರಲಾರರು.

ಮುಂದೇನಾಯಿತು ಎಂಬುದು ಇನ್ನೂ ಮುಖ್ಯ. ಆ ಸಲ ಕರ್ನಾಟಕದಿಂದ ಪಕ್ಷ ಆರಿಸಿದ್ದು ನಿರ್ಮಲಾ ಸೀತಾರಾಮನ್ ಅವರನ್ನು. ತಮಿಳುನಾಡಿನಲ್ಲಿ ಹುಟ್ಟಿ, ಆಂಧ್ರಕ್ಕೆ ಸೊಸೆಯಾಗಿ ಬಂದವರು. ಅದಕ್ಕೆ ಮೊದಲು 2014ರಿಂದ ಆಂಧ್ರದ ಸದಸ್ಯರಾಗಿದ್ದವರು. 2022ರಲ್ಲಿ ಮತ್ತೆ ಕರ್ನಾಟಕದಿಂದಲೇ ಆಯ್ಕೆಯಾದರು. ಅದೇ 2016ರಲ್ಲಿ ಕಾಂಗ್ರೆಸ್ಸು ಜೈರಾಮ್ ರಮೇಶ್ ಅವರನ್ನು ಕರ್ನಾಟಕದಿಂದ ಕಳಿಸಿತು. ಅವರು ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ, ಆದರೆ ಹಿಂದಿನ ಎರಡು ಅವಧಿಗೆ ಆಂಧ್ರಪ್ರದೇಶದ ಸದಸ್ಯರು. 2024ರಲ್ಲಿ ದೆಹಲಿಯ ಅಜಯ್ ಮಾಕನ್ ಕರ್ನಾಟಕದಿಂದ ಗೆದ್ದರು. ಅದೇ ವರ್ಷ ಆಗಸ್ಟಿನಲ್ಲಿ ನಿಮ್ಮ ತೆಲಂಗಾಣದಿಂದ ಅಭಿಷೇಕ್ ಮನು ಸಿಂಘ್ವಿ ಅವಿರೋಧವಾಗಿ ಆಯ್ಕೆಯಾದರು. ‘ಸಾಕಯ್ಯ’ ಎಂದದ್ದಕ್ಕೆ ಹೆಸರು ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದರ ತಿರುಳೂ ಇದೇ: ವ್ಯಕ್ತಿಯ ಅವಧಿಗೆ ಗಡಿ ಹಾಕಿದರೆ ಸಾಲದು, ಆ ವ್ಯಕ್ತಿಯನ್ನು ಆರಿಸುವ ಕೈ ಯಾವುದೋ ಆ ಕೈಗೆ ಕಟ್ಟುಪಾಡು ಬೇಕು.

ಹೊರಗಿನವರು ಎಂಬ ಮಾತನ್ನು ನಾನು ಇಲ್ಲಿ ಎಚ್ಚರಿಕೆಯಿಂದ ಆಡುತ್ತಿದ್ದೇನೆ. ಕನ್ನಡ ಮನೆಮಾತಿನ ನೀವು ಶೇರಿಲಿಂಗಂಪಲ್ಲಿ ಕ್ಷೇತ್ರದ ಮತದಾರರು. ನಾಳೆ ನಿಮ್ಮಲ್ಲೊಬ್ಬರು ತೆಲಂಗಾಣದಿಂದ ಸಂಸತ್ತಿಗೆ ಹೋದರೆ ನಾವೆಲ್ಲ ಹೆಮ್ಮೆಪಡುತ್ತೇವೆ, ಪಡಬೇಕು ಕೂಡ. ಹುಟ್ಟಿದ ಊರು ಯಾವುದು ಎಂಬುದರ ಮೇಲೆ ನನಗೆ ತಕರಾರಿಲ್ಲ. ಕಳಿಸಿದ ರಾಜ್ಯಕ್ಕೆ ಲೆಕ್ಕ ಒಪ್ಪಿಸುವ ಸಂದರ್ಭವೇ ಬಾರದಂತೆ ಒಬ್ಬರು ಹದಿನೆಂಟು ವರ್ಷ ಕಳೆಯಬಹುದು ಎಂಬುದು ನನ್ನ ತಕರಾರು.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಕಾನೂನೇ. ಮೊದಲು ರಾಜ್ಯಸಭೆಗೆ ನಿಲ್ಲುವವರ ಹೆಸರು ಆಯಾ ರಾಜ್ಯದ ಮತದಾರರ ಪಟ್ಟಿಯಲ್ಲಿ ಇರಬೇಕಿತ್ತು. ಡಾ. ಮನಮೋಹನ್ ಸಿಂಗ್ ಅವರು 1991ರಿಂದ 2019ರವರೆಗೆ ಅಸ್ಸಾಮಿನ ಸದಸ್ಯರಾಗಿದ್ದದ್ದು ಗುವಾಹಟಿಯ ವಿಳಾಸ ಇಟ್ಟುಕೊಂಡು ಆರಂಭಿಸಿಯೇ. 2003ರಲ್ಲಿ ಸಂಸತ್ತು ಪ್ರಜಾಪ್ರತಿನಿಧಿತ್ವ ಕಾಯ್ದೆಗೆ ತಿದ್ದುಪಡಿ ತಂದು ಆ ನಿಯಮವನ್ನೇ ತೆಗೆದುಹಾಕಿತು. ದೇಶದ ಯಾವುದಾದರೂ ಲೋಕಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು ಎಂದಾಯಿತು. ಪತ್ರಕರ್ತ ಕುಲದೀಪ್ ನಯ್ಯರ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2006ರ ಆಗಸ್ಟಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ರಾಜ್ಯದಲ್ಲಿ ವಾಸವಿರಬೇಕೆಂಬುದು ಸಂವಿಧಾನದ ಕಡ್ಡಾಯವಲ್ಲ ಎಂದಿತು.

ಅದೇ ತಿದ್ದುಪಡಿ ಇನ್ನೊಂದನ್ನೂ ತಂದಿತು, ಬಹಿರಂಗ ಮತದಾನ. ರಾಜ್ಯಸಭಾ ಚುನಾವಣೆಯ ದಿನ ವಿಧಾನಸೌಧದ ಮತಗಟ್ಟೆಗೆ ಶಾಸಕರು ಬರುತ್ತಾರೆ. ಚುನಾವಣಾ ಆಯೋಗ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಹೆಸರುಗಳ ಮುಂದೆ ಒಂದು, ಎರಡು ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಆಮೇಲೆ ಮತಪತ್ರವನ್ನು ನೇರವಾಗಿ ಪೆಟ್ಟಿಗೆಗೆ ಹಾಕುವಂತಿಲ್ಲ. ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುವ ಪಕ್ಷದ ಏಜೆಂಟರ ಮುಂದೆ ಅದನ್ನು ಬಿಡಿಸಿ ತೋರಿಸಬೇಕು. ಅವರು ನೋಡಿ ತಲೆಯಾಡಿಸಿದ ಮೇಲೆ ಮಡಚಿ ಹಾಕಬೇಕು. ತೋರಿಸದೆ ಹಾಕಿದರೆ ಮತ ಅಸಿಂಧು. ದುಡ್ಡಿಗೆ ಮತ ಮಾರಾಟವಾಗುವುದನ್ನು ತಡೆಯಲು ತಂದ ನಿಯಮ ಇದು, ಆ ಉದ್ದೇಶ ಒಳ್ಳೆಯದೇ. ಆದರೆ ಇದರಿಂದ ಮೂರನೆಯ ಸಲ, ನಾಲ್ಕನೆಯ ಸಲ ಒಬ್ಬರನ್ನೇ ಕಳಿಸುವ ಬಗ್ಗೆ ಶಾಸಕರಿಗೆ ಮನಸ್ಸಿನಲ್ಲಿ ಏನಿದ್ದರೂ ಅದು ಮತಪತ್ರದ ಮೇಲೆ ಮೂಡುವುದು ಕಷ್ಟವಾಯಿತು. ಎಷ್ಟೋ ಸಲ ಆ ಮತಪತ್ರವೂ ಅಚ್ಚಾಗುವುದಿಲ್ಲ. 2020ರಲ್ಲಿ ಕರ್ನಾಟಕದ ನಾಲ್ಕು ಸ್ಥಾನಗಳಿಗೆ ನಾಲ್ವರೇ ಉಳಿದು ಎಲ್ಲರೂ ಅವಿರೋಧವಾಗಿ ಆಯ್ಕೆಯಾದರು.

ರಾಜ್ಯಗಳೇ ಮುಂದೆ ಬಂದು ರಾಷ್ಟ್ರೀಯ ಶಾಸಕರ ಅವಧಿಗೆ ಕಾನೂನಿನ ಬೇಲಿ ಹಾಕಿದ ದೇಶವೊಂದಿದೆ, ಅಮೆರಿಕ. 1990ರಲ್ಲಿ ಕೊಲರಾಡೊ ರಾಜ್ಯದಿಂದ ಶುರುವಾದ ಈ ಚಳವಳಿ ಐದೇ ವರ್ಷದಲ್ಲಿ 23 ರಾಜ್ಯಗಳಿಗೆ ಹಬ್ಬಿತು. ಹೆಚ್ಚಿನ ಕಡೆ ಶಾಸನಸಭೆಗಳನ್ನು ನೆಚ್ಚದೆ ಜನರೇ ನೇರ ಮತದಾನದಿಂದ ಇದನ್ನು ತಂದರು. 1992ರಲ್ಲಿ ಅರ್ಕನ್ಸಾ ರಾಜ್ಯ ತನ್ನ ಸಂವಿಧಾನಕ್ಕೆ 73ನೆಯ ತಿದ್ದುಪಡಿ ಸೇರಿಸಿತು. ಕೆಳಮನೆಗೆ ಮೂರು ಅವಧಿ, ಸೆನೆಟ್‌ಗೆ ಎರಡು ಅವಧಿ ಮುಗಿಸಿದವರ ಹೆಸರನ್ನು ಮತಪತ್ರದಲ್ಲಿ ಅಚ್ಚು ಹಾಕುವುದಿಲ್ಲ ಎಂದಿತು. ಬೇಕಾದ ಮತದಾರರು ಕೈಯಲ್ಲಿ ಹೆಸರು ಬರೆದು ಮತ ಹಾಕಲು ಮಾತ್ರ ಅವಕಾಶ ಉಳಿಯಿತು. ಮತ ಚಲಾಯಿಸಿದ ಐವರಲ್ಲಿ ಸುಮಾರು ಮೂವರು ಇದಕ್ಕೆ ಒಪ್ಪಿಗೆ ಕೊಟ್ಟಿದ್ದರು.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಮೇ 22ರಂದು ಐದಕ್ಕೆ ನಾಲ್ಕು ಮತಗಳಿಂದ ಕೋರ್ಟು ಆ ತಿದ್ದುಪಡಿಯನ್ನು ರದ್ದು ಮಾಡಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಅವರ ವಾದ ಹೀಗೆ: ಸಂಸತ್ತು ಇಡೀ ದೇಶದ ಜನರದು. ಅದಕ್ಕೆ ಸೇರುವ ಅರ್ಹತೆಯನ್ನು ಸಂವಿಧಾನ ಹೇಳಿಯಾಗಿದೆ. ಒಂದೊಂದು ರಾಜ್ಯ ಒಂದೊಂದು ಷರತ್ತು ಸೇರಿಸುತ್ತ ಹೋದರೆ ರಾಷ್ಟ್ರೀಯ ಸಭೆ ಎಂಬುದೇ ಉಳಿಯುವುದಿಲ್ಲ. ಭಿನ್ನ ತೀರ್ಪು ಕೊಟ್ಟ ನ್ಯಾಯಮೂರ್ತಿ ಥಾಮಸ್ ಅವರದು ತದ್ವಿರುದ್ಧ ವಾದ: ಸಂವಿಧಾನ ಸ್ಪಷ್ಟವಾಗಿ ಕಿತ್ತುಕೊಳ್ಳದ ಅಧಿಕಾರವೆಲ್ಲ ಆಯಾ ರಾಜ್ಯದ ಜನರಲ್ಲೇ ಉಳಿದಿದೆ. ಎರಡನ್ನೂ ಓದಿದ ಮೇಲೆ ನನ್ನ ಮನಸ್ಸು ಸ್ಟೀವನ್ಸ್ ಕಡೆಗೇ ವಾಲುತ್ತದೆ. ಆದರೆ ಥಾಮಸ್ ಎತ್ತಿದ ಪ್ರಶ್ನೆ ಬಿಡುವುದಿಲ್ಲ. ಆರಿಸುವವರು ರಾಜ್ಯದ ಜನ ಎಂದ ಮೇಲೆ, ತಮ್ಮ ಆಯ್ಕೆಗೆ ತಾವೇ ನಿಯಮ ಮಾಡಿಕೊಳ್ಳುವ ಹಕ್ಕು ಅವರಿಗೆ ಏಕಿಲ್ಲ?

ಈ ತೀರ್ಪಿಗೆ ಎರಡು ತಿಂಗಳು ಮೊದಲು ಅಮೆರಿಕದ ಕೆಳಮನೆಯಲ್ಲೇ ಸಂವಿಧಾನ ತಿದ್ದುಪಡಿಯ ಪ್ರಸ್ತಾಪ ಬಂದಿತ್ತು. ಪರವಾಗಿ 227, ವಿರೋಧವಾಗಿ 204 ಮತ. ಬೇಕಿದ್ದದ್ದು ಮೂರನೇ ಎರಡು ಭಾಗ, ಅದು ಬರಲಿಲ್ಲ. ತಮಗೆ ತಾವೇ ಗಡಿ ಹಾಕಿಕೊಳ್ಳಿ ಎಂದು ಶಾಸಕರನ್ನು ಕೇಳಿದರೆ ಆಗುವುದು ಇಷ್ಟೇ. ರಾಜ್ಯಗಳು ಅಲ್ಲಿಗೂ ಸುಮ್ಮನಾಗಲಿಲ್ಲ. ಅವಧಿ ಮಿತಿಯನ್ನು ಬೆಂಬಲಿಸದ ಅಭ್ಯರ್ಥಿಯ ಹೆಸರಿನ ಪಕ್ಕದಲ್ಲಿ, ಈತ ಮತದಾರರ ಸೂಚನೆಯನ್ನು ಕಡೆಗಣಿಸಿದ್ದಾನೆ ಎಂದು ಮತಪತ್ರದಲ್ಲೇ ಅಚ್ಚು ಹಾಕಲು ಮಿಸೌರಿ ರಾಜ್ಯ ಹೊರಟಿತು. 2001ರಲ್ಲಿ ಕೋರ್ಟು ಅದನ್ನೂ ತಡೆಯಿತು. 2024ರಲ್ಲಿ ನಾರ್ತ್ ಡಕೋಟದ ಜನ ವಯಸ್ಸಿನ ಮಿತಿಯ ದಾರಿ ಹಿಡಿದರು. ಅವಧಿ ಮುಗಿಯುವುದರೊಳಗೆ 81 ತುಂಬುವವರು ತಮ್ಮ ರಾಜ್ಯದಿಂದ ಸಂಸತ್ತಿಗೆ ನಿಲ್ಲಬಾರದು ಎಂದು ಮತ ಹಾಕಿದರು.

ವಾಷಿಂಗ್ಟನ್ ರಾಜ್ಯದ ಒಂದು ಪ್ರಸಂಗವನ್ನು ನಾನು ಬಿಡಲಾರೆ. ಟಾಮ್ ಫೋಲಿ ಎಂಬವರು ಸ್ಪೊಕೇನ್ ಕ್ಷೇತ್ರದಿಂದ ಮೂವತ್ತು ವರ್ಷ ಗೆದ್ದು ಕೆಳಮನೆಯ ಸ್ಪೀಕರ್ ಆಗಿದ್ದರು. ತಮ್ಮ ರಾಜ್ಯದ ಜನ ಮತ ಹಾಕಿ ತಂದ ಅವಧಿ ಮಿತಿಯ ವಿರುದ್ಧ ಅವರೇ ಕೋರ್ಟಿಗೆ ಹೋದರು. ಕ್ಷೇತ್ರದ ಜನ ಮುನಿಸಿಕೊಂಡರು. 1994ರಲ್ಲಿ ಜಾರ್ಜ್ ನೆದರ್‌ಕಟ್ ಎಂಬ ಹೊಸಬರು, ‘ಮೂರೇ ಅವಧಿ, ಆಮೇಲೆ ಮನೆಗೆ’ ಎಂಬ ಅರ್ಥದ ಮಾತು ಕೊಟ್ಟು ಅವರನ್ನು ಸೋಲಿಸಿದರು. ಹಾಲಿ ಸ್ಪೀಕರ್ ಒಬ್ಬರು ಸೋತದ್ದು 1862ರ ನಂತರ ಅದೇ ಮೊದಲು. 2000ದ ಹೊತ್ತಿಗೆ ನೆದರ್‌ಕಟ್ ಅವರ ಮೂರು ಅವಧಿ ಮುಗಿಯಿತು. ಅವರು ಮಾತು ಮುರಿದು ನಾಲ್ಕನೆಯ ಸಲ ನಿಂತರು, ಗೆದ್ದರು ಕೂಡ. ಜನರ ಬಾಯಲ್ಲಿರುವ ಬೇಡಿಕೆ ಮತಗಟ್ಟೆಯೊಳಗೂ ಹಾಗೇ ಉಳಿಯುತ್ತದೆ ಎಂದು ನಂಬುವವರು ಈ ಪ್ರಸಂಗವನ್ನು ನೆನಪಿಡಬೇಕು.

ನಮ್ಮಲ್ಲಿ ಅಂಥ ಮೊಕದ್ದಮೆಗೆ ಎಡೆಯೇ ಇಲ್ಲ. ಸಂವಿಧಾನದ 84 ಮತ್ತು 102ನೆಯ ವಿಧಿಗಳು ಸಂಸದರ ಅರ್ಹತೆ, ಅನರ್ಹತೆಗಳನ್ನು ಹೇಳಿ, ಹೆಚ್ಚಿನದೇನಾದರೂ ಬೇಕಾದರೆ ಸಂಸತ್ತೇ ಕಾನೂನು ಮಾಡಲಿ ಎನ್ನುತ್ತವೆ. ರಾಜ್ಯದ ಶಾಸಕರ ವಿಷಯದಲ್ಲೂ, 173 ಮತ್ತು 191ನೆಯ ವಿಧಿಗಳ ಪ್ರಕಾರ, ಹೆಚ್ಚಿನ ಷರತ್ತು ಹಾಕುವ ಅಧಿಕಾರ ಸಂಸತ್ತಿಗೇ. ಅಂದರೆ ಕರ್ನಾಟಕದ ವಿಧಾನಸಭೆ ತನ್ನ ಸದಸ್ಯರಿಗೇ ಮೂರು ಅವಧಿಯ ಗಡಿ ಹಾಕಿಕೊಳ್ಳಬೇಕೆಂದರೂ ಆಗದು. ಸಂವಿಧಾನದ ಕರಡಿನಲ್ಲಿ ರಾಷ್ಟ್ರಪತಿ ಇನ್ನೊಂದೇ ಸಲ ಮರು ಆಯ್ಕೆಯಾಗಬಹುದು ಎಂಬ ಮಾತಿತ್ತು. ಅಂತಿಮ ಪಠ್ಯದಲ್ಲಿ ಅದೂ ಉಳಿಯಲಿಲ್ಲ. ಶಾಸಕರಾಗುವವರಿಗೆ ಒಂದಷ್ಟು ಅರ್ಹತೆ ಗೊತ್ತುಮಾಡಲು ಆಗಲಿಲ್ಲವಲ್ಲ ಎಂದು 1949ರ ನವೆಂಬರ್ 26ರಂದು ಬಾಬು ರಾಜೇಂದ್ರ ಪ್ರಸಾದರು ಸಂವಿಧಾನ ಸಭೆಯಲ್ಲೇ ವಿಷಾದ ತೋಡಿಕೊಂಡರು.

ಹಾಗಾದರೆ ರಾಜ್ಯಗಳ ಕೈಯಲ್ಲಿ ಇರುವುದೇನು? ಪಂಚಾಯಿತಿ, ಪುರಸಭೆಗಳು ಮಾತ್ರ. ಅವುಗಳ ಸದಸ್ಯರನ್ನು ಅನರ್ಹಗೊಳಿಸುವ ಕಾನೂನು ಮಾಡಲು 1993ರಲ್ಲಿ ಜಾರಿಗೆ ಬಂದ 243ಎಫ್ ಮತ್ತು 243ವಿ ವಿಧಿಗಳು ರಾಜ್ಯಗಳಿಗೆ ಬಿಟ್ಟಿವೆ. ರಾಜ್ಯಗಳು ಅದನ್ನು ಹೇಗೆ ಬಳಸಿದವು ನೋಡಿ. ಹರಿಯಾಣ ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರನ್ನು ಹೊರಗಿಟ್ಟಿತು, 2003ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಮುಂದೆ ಶಾಲೆ ಕಲಿಯದವರನ್ನೂ ಹೊರಗಿಟ್ಟಿತು, 2015ರಲ್ಲಿ ಅದನ್ನೂ ಕೋರ್ಟು ಒಪ್ಪಿತು. ಅವಿಭಜಿತ ಆಂಧ್ರದಲ್ಲೂ ಎರಡು ಮಕ್ಕಳ ನಿಯಮ ಇತ್ತು. ಈಗಿನ ಆಂಧ್ರ ಅದನ್ನು ಕೈಬಿಟ್ಟದ್ದು 2024ರಲ್ಲಿ. ಮೂರು ಮಕ್ಕಳ ತಾಯಿ ವಾರ್ಡ್ ಸದಸ್ಯೆ ಆಗುವಂತಿರಲಿಲ್ಲ, ಸಂಸದೆ ಆಗಬಹುದಿತ್ತು.

ಅವಧಿಯ ಮಾತಿಗೆ ಬಂದರೆ ಅನ್ಯಾಯ ಇನ್ನೂ ಎದ್ದು ಕಾಣುತ್ತದೆ. ಬೀದರ್ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಪರಿಶಿಷ್ಟ ಜಾತಿಯ ಮಹಿಳೆಯೊಬ್ಬರು ಅಧ್ಯಕ್ಷೆಯಾಗಿದ್ದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲ ಆರು ತಿಂಗಳು ಸಭೆಯಲ್ಲಿ ಮೈದುನನೇ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದ, ಆಕೆ ತೋರಿಸಿದ ಕಡೆ ಸಹಿ ಹಾಕುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ಆಕೆ ಕ್ರಿಯಾಯೋಜನೆಯ ಪಟ್ಟಿಯನ್ನು ಬೆರಳಿಟ್ಟು ಓದಿಸಿಕೊಳ್ಳತೊಡಗಿದಳು. ನರೇಗಾ ಕೂಲಿ ಯಾಕೆ ಬಂದಿಲ್ಲ ಎಂದು ಪಿಡಿಒ ಅವರನ್ನು ಎಲ್ಲರೆದುರು ಕೇಳಿದಳು. ಕುಡಿಯುವ ನೀರಿನ ಬೋರ್‌ವೆಲ್ ಯಾವ ಕೇರಿಗೆ ಎಂಬ ಜಗಳದಲ್ಲಿ ತನ್ನ ಮಾತು ನಡೆಸಿಕೊಂಡಳು. ಕೆಲಸ ಕೈಗೆ ಹತ್ತಿತು ಎನ್ನುವಾಗ 30 ತಿಂಗಳು ಮುಗಿದು ಅಧ್ಯಕ್ಷಗಿರಿ ಹೋಯಿತು. ಮುಂದಿನ ಚುನಾವಣೆಗೆ ಆ ವಾರ್ಡಿನ ಮೀಸಲಾತಿಯೂ ಬದಲಾಯಿತು. ಸಾಮಾನ್ಯ ಸ್ಥಾನದಲ್ಲಿ ನಿಲ್ಲಲು ಬೇಕಾದ ದುಡ್ಡು, ಜನಬಲ ಆಕೆಗೆ ಎಲ್ಲಿಂದ ಬರಬೇಕು? ಆಕೆಯ ಅವಧಿಗೆ ಮಿತಿ ಹಾಕಿದವರು ಯಾರು? ಯಾರೂ ಹಾಗೆಂದು ಹೇಳಿ ಹಾಕಲಿಲ್ಲ, ರೋಸ್ಟರ್ ಹಾಕಿತು. ತಮಿಳುನಾಡು ಮೀಸಲಾತಿಯನ್ನು ಹತ್ತು ವರ್ಷ ಬದಲಿಸದೆ ಇಡುವ ದಾರಿ ಕಂಡುಕೊಂಡಿದೆ. 2018ರ ತೆಲಂಗಾಣ ಪಂಚಾಯತ್ ರಾಜ್ ಕಾಯ್ದೆಯೂ ಎರಡು ಅವಧಿಗೆ ಒಂದೇ ಮೀಸಲಾತಿ ಎಂದಿತು. ಇಂಥ ವಿವೇಕ ಎಲ್ಲ ರಾಜ್ಯಗಳಿಗೂ ಬರಬೇಕು.

ಈಗ ಸಂಸತ್ತು ತನಗೆ ಮಾಡಿಕೊಂಡ ನಿಯಮ ನೋಡೋಣ. 2023ರಲ್ಲಿ 106ನೆಯ ತಿದ್ದುಪಡಿಯಿಂದ ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಾಯಿತು. ಆ ಸ್ಥಾನಗಳ ಆವರ್ತನೆ ಯಾವಾಗ? ಪ್ರತಿ ಚುನಾವಣೆಗೂ ಅಲ್ಲ, ಮುಂದಿನ ಪ್ರತಿ ಕ್ಷೇತ್ರ ಮರುವಿಂಗಡಣೆಯ ನಂತರ ಮಾತ್ರ ಎಂದು 334ಎ ವಿಧಿ ಹೇಳುತ್ತದೆ. ಪದೇ ಪದೇ ಕ್ಷೇತ್ರ ಬದಲಾದರೆ ಪ್ರತಿನಿಧಿ ಬೇರು ಬಿಡಲಾರರು ಎಂಬ ಅರಿವು ತಮ್ಮ ವಿಷಯದಲ್ಲಿ ಸಂಸದರಿಗೆ ಚೆನ್ನಾಗಿಯೇ ಇದೆ. ಇತರರ ವಿಷಯದಲ್ಲಿ ಅವರು ಮಿತಿಯನ್ನು ಸಲೀಸಾಗಿ ಬರೆದಿದ್ದಾರೆ. ಇಲ್ಲಿ ಕಂಪನಿಗಳಲ್ಲಿ ಕೆಲಸ ಮಾಡುವವರು ಬಹಳ ಜನ ಇದ್ದೀರಿ, ನಿಮಗೆ ಗೊತ್ತು: 2013ರ ಕಂಪನಿ ಕಾಯ್ದೆಯ ಪ್ರಕಾರ ಸ್ವತಂತ್ರ ನಿರ್ದೇಶಕರಿಗೆ ಐದೈದು ವರ್ಷದ ಎರಡೇ ಸತತ ಅವಧಿ. ಲೆಕ್ಕಪರಿಶೋಧಕರೂ ಸರದಿಯಲ್ಲಿ ಬದಲಾಗಬೇಕು. ಬಹುಕಾಲದ ಸಲಿಗೆ ಸ್ವಾತಂತ್ರ್ಯವನ್ನು ತಿಂದುಹಾಕುತ್ತದೆ ಎಂಬುದೇ ಅದರ ಹಿಂದಿನ ತರ್ಕ. ಸಹಕಾರಿ ಬ್ಯಾಂಕಿನ ನಿರ್ದೇಶಕರಿಗೆ ಸತತ ಎಂಟು ವರ್ಷ ಎಂದಿದ್ದ ಮಿತಿ 2025ರಲ್ಲಿ ಹತ್ತಾಗಿದೆ. ಬ್ಯಾಂಕಿನ ಠೇವಣಿಗೆ ಅಪಾಯವೆಂದು ಕಂಡದ್ದು ದೇಶದ ಬೊಕ್ಕಸದ ವಿಷಯದಲ್ಲಿ ಅಪಾಯವಾಗಿ ಕಾಣಲಿಲ್ಲ.

ಇಷ್ಟು ಹೇಳಿದ ಮೇಲೆ, ಸಂಸದರಿಗೂ ಕಾನೂನಿನಿಂದಲೇ ಮೂರು ಅವಧಿಯ ಗಡಿ ಹಾಕಿಬಿಡೋಣ ಎಂದು ನಾನು ವಾದಿಸುತ್ತೇನೆ ಎಂದುಕೊಂಡಿರಬಹುದು. ಹಾಗೆ ವಾದಿಸಲು ನನ್ನನ್ನು ತಡೆಯುವುದು ನಮ್ಮ ಕಲ್ಯಾಣ ಕರ್ನಾಟಕದ ಚರಿತ್ರೆಯೇ. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2008ರವರೆಗೆ ಒಂಬತ್ತು ಸಲ ಸತತವಾಗಿ ವಿಧಾನಸಭೆಗೆ ಗೆದ್ದರು, ಎಂಟು ಸಲ ಗುರುಮಠಕಲ್‌ನಿಂದ, ಒಮ್ಮೆ ಚಿತ್ತಾಪುರದಿಂದ. ಮೂರು ಅವಧಿಯ ನಿಯಮ ಇದ್ದಿದ್ದರೆ 1985ಕ್ಕೇ, ನಲವತ್ತೆರಡರ ಹರೆಯದಲ್ಲಿ, ಅವರು ಸದನದಿಂದ ಹೊರಬೀಳುತ್ತಿದ್ದರು. ಹಿಂದೆ ದುಡ್ಡಾಗಲಿ, ಮನೆತನವಾಗಲಿ ಇಲ್ಲದೆ ಬಂದ ದಲಿತ ನಾಯಕನಿಗೆ ಅನುಭವವೇ ಆಸ್ತಿ. 2012ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಯನ್ನು ಸಂಸತ್ತು ಅಂಗೀಕರಿಸಿತಲ್ಲ, ಆಗ ಅವರು ಕೇಂದ್ರದಲ್ಲಿ ಮಂತ್ರಿ. ಎಂಟು ಸಲ ಜೇವರ್ಗಿಯ ಶಾಸಕರಾಗಿ, ಮುಖ್ಯಮಂತ್ರಿಯೂ ಆಗಿದ್ದ ಎನ್. ಧರ್ಮಸಿಂಗ್ ಆಗ ಬೀದರ್ ಸಂಸದರು. ದೆಹಲಿಯ ಯಾವ ಬಾಗಿಲನ್ನು ಯಾವಾಗ ತಟ್ಟಬೇಕು ಎಂಬುದನ್ನು ಹೊಸಬರು ಕಲಿಯುವಷ್ಟರಲ್ಲಿ ಒಂದು ಲೋಕಸಭೆಯೇ ಮುಗಿದಿರುತ್ತಿತ್ತು.

ಬೀದರಿನ ರಾಮಚಂದ್ರ ವೀರಪ್ಪ ಅವರನ್ನು ಇಲ್ಲಿನ ಹಿರಿಯರು ಬಲ್ಲಿರಿ. 1962 ಮತ್ತು 1967ರಲ್ಲಿ ಲೋಕಸಭೆಗೆ ಗೆದ್ದರು. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೊರಗಿದ್ದರು. 1991ರಿಂದ 2004ರವರೆಗೆ ಮತ್ತೆ ಐದು ಸಲ ಗೆದ್ದು, ತೊಂಬತ್ತು ದಾಟಿದ ವಯಸ್ಸಿನಲ್ಲಿ ಸದಸ್ಯರಾಗಿದ್ದಾಗಲೇ ತೀರಿಕೊಂಡರು. ಬೀದರಿನ ಮತದಾರರು ಬೇಡವೆಂದಾಗ ಬೇರೆಯವರನ್ನು ಕಳಿಸಿದರು, ಬೇಕೆಂದಾಗ ಕರೆಸಿಕೊಂಡರು. ಲೋಕಸಭೆಯಲ್ಲಿ ಈ ಸ್ವಾತಂತ್ರ್ಯ ಮತದಾರನಲ್ಲಿದೆ. ಕೋಲಾರದಲ್ಲಿ ಏಳು ಸಲ ಸತತವಾಗಿ ಗೆದ್ದ ಕೆ.ಎಚ್. ಮುನಿಯಪ್ಪ ಅವರಿಗೆ 2019ರಲ್ಲಿ ಜನ ಸಾಕು ಎಂದರು. ಅದೇ ವರ್ಷ ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಖರ್ಗೆಯವರು ಕಲಬುರಗಿಯಲ್ಲಿ, ಮಾಜಿ ಪ್ರಧಾನಿ ದೇವೇಗೌಡರು ತುಮಕೂರಿನಲ್ಲಿ ಸೋತರು. ಮರುವರ್ಷ ಇಬ್ಬರೂ ರಾಜ್ಯಸಭೆಗೆ ಬಂದರು. ಇಬ್ಬರೂ ನಾನು ಗೌರವಿಸುವ ನಾಯಕರು, ಮೇಲ್ಮನೆಗೆ ಅವರ ಅನುಭವ ಬೇಕೂ ಹೌದು. ಆದರೂ ಮತದಾರ ಹಾಕಿದ ಗಡಿಯನ್ನು ಪಕ್ಷಗಳು ಎಷ್ಟು ಸುಲಭವಾಗಿ ದಾಟಿಸಬಲ್ಲವು ಎಂಬುದು ಅದರಿಂದ ತಿಳಿಯುತ್ತದೆ.

ಕಾನೂನಿನ ಮಿತಿಗೆ ನಾನು ಹಿಂಜರಿಯಲು ಇನ್ನೊಂದು ಕಾರಣ ಮನೆತನಗಳು. ಫಿಲಿಪ್ಪೀನ್ಸಿನ 1987ರ ಸಂವಿಧಾನ ಕೆಳಮನೆಯ ಸದಸ್ಯರಿಗೆ ಸತತ ಮೂರು ಅವಧಿ ಎಂದು ಬರೆಯಿತು. ಮೂರು ಮುಗಿದೊಡನೆ ಹೆಂಡತಿ, ಮಗ, ತಮ್ಮ ಬಂದು ಅದೇ ಕುರ್ಚಿಯಲ್ಲಿ ಕೂತರು, ಅವರ ಅವಧಿ ಮುಗಿದ ಮೇಲೆ ಮೊದಲಿನವರೇ ಮರಳಿದರು. ನಾವು ಅಷ್ಟು ದೂರ ನೋಡಬೇಕಿಲ್ಲ. ಇದೇ ನಗರದ ಹೈದರಾಬಾದ್ ಲೋಕಸಭಾ ಕ್ಷೇತ್ರವನ್ನು 1984ರಿಂದ ಸುಲ್ತಾನ್ ಸಲಾಹುದ್ದೀನ್ ಓವೈಸಿ, 2004ರಿಂದ ಅವರ ಮಗ ಅಸದುದ್ದೀನ್ ಓವೈಸಿ ಗೆಲ್ಲುತ್ತ ಬಂದಿದ್ದಾರೆ. ಜನರ ಮತ ಪಡೆದೇ ಗೆದ್ದಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ದಾವಣಗೆರೆಯಲ್ಲಿ 2024ರ ಚುನಾವಣೆ ನಾಲ್ಕು ಸಲ ಸಂಸದರಾಗಿದ್ದವರ ಪತ್ನಿಗೂ ರಾಜ್ಯದ ಮಂತ್ರಿಯೊಬ್ಬರ ಪತ್ನಿಗೂ ನಡೆಯಿತು. ವ್ಯಕ್ತಿಗೆ ಹಾಕಿದ ಗಡಿ ಮನೆಯ ಹೊಸ್ತಿಲ ತನಕ ಮಾತ್ರ ಹೋಗುತ್ತದೆ.

ಆರಿಸುವ ಕೈ ಪಕ್ಷದ್ದು, ಆದ್ದರಿಂದ ನಿಯಮವನ್ನೂ ಪಕ್ಷದೊಳಗೇ ಬರೆದುಕೊಳ್ಳಬೇಕು. ಇದು ಆಗದ ಮಾತೇನಲ್ಲ. 2021ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಸಿಪಿಎಂ ಎರಡು ಅವಧಿ ಮುಗಿಸಿದವರಿಗೆ ಟಿಕೆಟ್ ಇಲ್ಲ ಎಂದಿತು. ಹಣಕಾಸು ಮಂತ್ರಿ ಥಾಮಸ್ ಐಸಾಕ್, ಲೋಕೋಪಯೋಗಿ ಮಂತ್ರಿ ಜಿ. ಸುಧಾಕರನ್ ಸೇರಿದಂತೆ ಐವರು ಹಾಲಿ ಮಂತ್ರಿಗಳನ್ನು ಕೈಬಿಟ್ಟಿತು. ಆದರೂ ಅವರ ರಂಗ ಗೆದ್ದಿತು. ಹೆಸರಾಂತರನ್ನು ಬಿಟ್ಟರೆ ಸೋಲೇ ಗತಿ ಎಂಬ ಭಯವನ್ನು ಆ ಫಲಿತಾಂಶ ಕಡಿಮೆ ಮಾಡಬೇಕಿತ್ತು. ಒಂದು ಹುದ್ದೆಯಲ್ಲಿ ಐದು ವರ್ಷಕ್ಕಿಂತ ಹೆಚ್ಚು ಇರಬಾರದು ಎಂದು 2022ರ ಮೇ ತಿಂಗಳಲ್ಲಿ ಉದಯಪುರದಲ್ಲಿ ಕಾಂಗ್ರೆಸ್ಸೂ ನಿರ್ಣಯ ಮಾಡಿತು. ಆದರೆ ಅದು ಪಕ್ಷದ ಪದಾಧಿಕಾರಿಗಳಿಗೆ, ಸಂಸದರಿಗಲ್ಲ.

ರಾಜ್ಯಸಭೆಯಿಂದ ಇದನ್ನು ಶುರುಮಾಡಬಹುದು ಎಂಬುದು ನನ್ನ ಸಲಹೆ. ಲೋಕಸಭೆಯಲ್ಲಿ ಮತದಾರ ಬೇಡವೆಂದು ಹೇಳಬಲ್ಲ, ರಾಜ್ಯಸಭೆಯಲ್ಲಿ ಹೇಳಲಾರ. ಆದ್ದರಿಂದ ಮಿತಿಯ ಅಗತ್ಯ ಅಲ್ಲಿಯೇ ಹೆಚ್ಚು. ಒಂದು ರಾಜ್ಯದಿಂದ ಒಬ್ಬರಿಗೆ ಎರಡು ಅವಧಿ, ಅಂದರೆ ಹನ್ನೆರಡು ವರ್ಷ. ಮುಂದೆಯೂ ಅವರು ಬೇಕೇ ಬೇಕು ಎಂದಾದರೆ ಲೋಕಸಭೆಗೆ ನಿಂತು ಗೆದ್ದು ಬರಲಿ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ, ಕೋರ್ಟಿನ ಹಂಗೂ ಬೇಡ. ಪ್ರಜಾಪ್ರತಿನಿಧಿತ್ವ ಕಾಯ್ದೆಯ 29ಎ ಕಲಮಿನ ಪ್ರಕಾರ ಪ್ರತಿ ಪಕ್ಷವೂ ತನ್ನ ನಿಯಮಾವಳಿಯನ್ನು ಚುನಾವಣಾ ಆಯೋಗಕ್ಕೆ ಸಲ್ಲಿಸಿಯೇ ನೋಂದಣಿ ಪಡೆಯುತ್ತದೆ. ಅದರೊಳಗೆ ಈ ಒಂದು ಸಾಲನ್ನು ಸೇರಿಸಿದರೆ ಸಾಕು. ಹೆಸರು ಪ್ರಕಟಿಸುವ ಮೊದಲು ರಾಜ್ಯ ಘಟಕದ ಶಾಸಕರ ಅಭಿಪ್ರಾಯವನ್ನು ಗುಟ್ಟಾಗಿ ಪಡೆಯಬೇಕು ಎಂಬ ಸಾಲನ್ನೂ ಸೇರಿಸಲಿ. ಮತಪತ್ರ ತೋರಿಸಿ ಹಾಕುವ ದಿನ ಹೇಳಲಾಗದ್ದನ್ನು ಅವರು ಅಂದು ಹೇಳಿಯಾರು.

2011ರಲ್ಲಿ ಕರ್ನಾಟಕದಲ್ಲಿ ರಾಜ್ಯಸಭಾ ಉಪಚುನಾವಣೆ ಬಂದಾಗ ಹೇಮಾಮಾಲಿನಿ ಅವರ ಎದುರು ನಮ್ಮ ರಂಗಭೂಮಿಯ ವಿದ್ವಾಂಸ ಕೆ. ಮರುಳಸಿದ್ದಪ್ಪನವರನ್ನು ವಿರೋಧ ಪಕ್ಷಗಳು ನಿಲ್ಲಿಸಿದ್ದವು. ಅವರು ಸೋತರು. ಆದರೆ ಆ ಕೆಲವು ದಿನ ನಾಡಿನಲ್ಲಿ ಚರ್ಚೆ ನಡೆದದ್ದು ಯಾರು ಕರ್ನಾಟಕದ ಮಾತಾಡಬಲ್ಲರು ಎಂಬುದರ ಬಗ್ಗೆ. 2016ರ ತರುಣರು ಎತ್ತಿದ್ದು ಅದೇ ಚರ್ಚೆಯನ್ನೇ, ನಾಮಪತ್ರಕ್ಕೆ ಮುಂಚೆ. ಕರ್ನಾಟಕದ ಹನ್ನೆರಡು ಸ್ಥಾನಗಳಲ್ಲಿ ಎರಡು ವರ್ಷಕ್ಕೊಮ್ಮೆ ನಾಲ್ಕು ತೆರವಾಗುತ್ತವೆ. ತೆಲಂಗಾಣದ ಏಳು ಸ್ಥಾನಗಳೂ ಹೀಗೇ ಸರದಿಯಲ್ಲಿ ತೆರವಾಗುತ್ತವೆ. ಅವುಗಳಿಗೆ ಮತ ಹಾಕುವವರಲ್ಲಿ ನಿಮ್ಮ ಶೇರಿಲಿಂಗಂಪಲ್ಲಿಯ ಶಾಸಕರೂ ಒಬ್ಬರು. ಏಳು ಲಕ್ಷಕ್ಕೂ ಹೆಚ್ಚು ಮತದಾರರಿರುವ ಕ್ಷೇತ್ರ ಇದು. 2023ರಲ್ಲಿ ಇಲ್ಲಿ ಸುಮಾರು ಅರ್ಧದಷ್ಟು ಜನ ಮತಗಟ್ಟೆಗೇ ಬರಲಿಲ್ಲ. ಮುಂದಿನ ಸಲ ಆ ಶಾಸಕರು ಮತ ಕೇಳಲು ನಿಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ರಸ್ತೆ, ನೀರು, ಕರೆಂಟಿನ ಜೊತೆ ಈ ಪ್ರಶ್ನೆಯನ್ನೂ ಕೇಳಿ: ರಾಜ್ಯಸಭೆಗೆ ನೀವು ಯಾರ ಹೆಸರಿನ ಮುಂದೆ ಒಂದು ಎಂದು ಬರೆದಿರಿ, ಅದು ಅವರಿಗೆ ಎಷ್ಟನೆಯ ಅವಧಿ, ಅವರನ್ನು ನಿಮಗೆ ಸೂಚಿಸಿದವರು ಯಾರು?